ಕೊರಿಯನ್ನರ ‘ನಾವು’ ಎಂಬ ಭಾವ ಎಷ್ಟು ಹಳೆಯದು?

ಪ್ರಶ್ನೆ:
1997ರ ಕೊನೆಯಲ್ಲಿ ದಕ್ಷಿಣ ಕೊರಿಯಾ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಯೊಡ್ಡಿದಾಗ, ಸುಮಾರು 35 ಲಕ್ಷ ಜನ ಮದುವೆಯ ಉಂಗುರವನ್ನೂ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬಂದ ಪುಟ್ಟ ಉಂಗುರವನ್ನೂ ಬಿಡದೆ ತಂದು 220 ಟನ್ನಿಗೂ ಮಿಕ್ಕಿದ ಚಿನ್ನವನ್ನು ದೇಶಕ್ಕೆ ಒಪ್ಪಿಸಿದರು. ಇದೇ ಜನ ತಾವೇ ಆರಿಸಿದ ಅಧ್ಯಕ್ಷರನ್ನು ಕೆಳಗಿಳಿಸಲು ಲಕ್ಷಗಟ್ಟಲೆ ಬೀದಿಗೆ ಬರುತ್ತಾರೆ. ಎರಡರ ಹಿಂದೆಯೂ ಇರುವುದು ಒಂದೇ ಭಾವವೇ? ಅದು ನಿಜಕ್ಕೂ ಪ್ರಾಚೀನವೇ?

ಉತ್ತರ 1:
ಮೊದಲು ಒಂದು ತಿದ್ದುಪಡಿ. ಬಹುಪಾಲು ಜನ ಚಿನ್ನವನ್ನು ದಾನ ಮಾಡಲಿಲ್ಲ, ಬೆಲೆ ಕಟ್ಟಿಸಿ ಹಣ ಪಡೆದರು. ಅದರಿಂದ ಅವರ ಭಾವನೆಯೇನೂ ಸುಳ್ಳಾಗುವುದಿಲ್ಲ.

ಕೊರಿಯಾ ಶತಮಾನಗಳ ಕಾಲ ಒಂದೇ ಅರಸೊತ್ತಿಗೆಯಡಿ ಇದ್ದುದು ನಿಜ. ಆದರೆ ಒಂದೇ ರಕ್ತದ ಜನಾಂಗ ಎಂಬರ್ಥದ ‘ಮಿನ್‌ಜೊಕ್’ ಎಂಬ ಮಾತು ಬಳಕೆಗೆ ಬಂದದ್ದು 20ನೆಯ ಶತಮಾನದ ಆರಂಭದಲ್ಲಿ. ರಾಜವಂಶಗಳ ಚರಿತ್ರೆಯನ್ನು ಬದಿಗಿಟ್ಟು, ಪುರಾಣಪುರುಷ ದಂಗುನ್‌ನಿಂದ ಇಳಿದುಬಂದ ಜನಾಂಗದ ಚರಿತ್ರೆಯನ್ನು ಬರೆಯಬೇಕೆಂದು 1908ರಲ್ಲಿ ಇತಿಹಾಸಕಾರ ಶಿನ್ ಚೆ-ಹೋ ವಾದಿಸಿದರು. ಎರಡೇ ವರ್ಷಕ್ಕೆ ದೇಶ ಜಪಾನಿನ ವಶವಾಯಿತು. 1940ರಲ್ಲಿ ಜಪಾನೀ ಮಾದರಿಯ ಮನೆತನದ ಹೆಸರನ್ನು ಇಟ್ಟುಕೊಳ್ಳುವಂತೆ ಒತ್ತಡ ಹೇರಿದಾಗ, ವಂಶಾವಳಿಯ ಪುಸ್ತಕವನ್ನು ಪ್ರಾಣದಂತೆ ಕಾಯ್ದುಕೊಂಡು ಬಂದವರು ಹಿರಿಯರ ಎಡೆಯ ಮುಂದೆ ಪರರ ಹೆಸರು ಹೊತ್ತು ನಿಲ್ಲಬೇಕಾಯಿತು. ರಾಜ್ಯವೇ ಕೈತಪ್ಪಿದ ಆ 35 ವರ್ಷ ಹಿಡಿದುಕೊಳ್ಳಲು ಉಳಿದದ್ದು ‘ಜನಾಂಗ’ವೊಂದೇ. ಅದರ ಬಿಗಿಗೆ ಇದೇ ಕಾರಣವೆಂದು ನಾನು ನಂಬಿದ್ದೇನೆ.

ಉತ್ತರ 2:
ಮೇಲಿನವರ ಮಾತಿಗೆ ಇಷ್ಟನ್ನು ಸೇರಿಸುತ್ತೇನೆ. ಆಳುವವರು ಬೇರೆ, ನಾಡು ಬೇರೆ ಎಂಬ ತಿಳಿವಳಿಕೆಯೂ ಆ ಕಾಲದಲ್ಲೇ ಬೇರೂರಿತು. ಕೊರಿಯನ್ನರು ದೇಶವನ್ನು ‘ಉರಿ ನಾರಾ’, ಅಂದರೆ ನಮ್ಮ ನಾಡು ಎನ್ನುತ್ತಾರೆ. ತಾಯಿಯನ್ನೂ ‘ಉರಿ ಒಮ್ಮಾ’ ಎನ್ನುತ್ತಾರೆ, ನಾವು ‘ನಮ್ಮಮ್ಮ’ ಎನ್ನುವ ಹಾಗೆಯೇ. 2024ರ ಡಿಸೆಂಬರ್ 3ರ ರಾತ್ರಿ ಆಗಿನ ಅಧ್ಯಕ್ಷ ಯೂನ್ ಸುಕ್-ಯೋಲ್ ಸೇನಾಡಳಿತ ಘೋಷಿಸಿದಾಗ, 1980ರಲ್ಲಿ ಗ್ವಾಂಗ್‌ಜು ನಗರದಲ್ಲಿ ಸೇನೆ ನಡೆಸಿದ ಹತ್ಯಾಕಾಂಡವನ್ನು ಮರೆಯದ ಜನ ಸಂಸತ್ತಿನ ಬಾಗಿಲಲ್ಲಿ ಸೈನಿಕರಿಗೆ ಅಡ್ಡ ನಿಂತರು, ಕೆಲವು ಸದಸ್ಯರು ಬೇಲಿ ಹತ್ತಿ ಒಳಗೆ ಹೋದರು, ಮತ ಹಾಕಿದ 190 ಸದಸ್ಯರೂ ಸೇನಾಡಳಿತವನ್ನು ತೆಗೆಯಬೇಕೆಂದರು. ಚಿನ್ನ ತಂದ ಕೈ, ಬಾಗಿಲಿಗೆ ಅಡ್ಡ ಹಿಡಿದ ಕೈ ಎರಡೂ ಒಂದೇ.

ಉತ್ತರ 3:
ಆದರೆ ಆ ‘ನಮ್ಮ’ ಎಂಬುದರಲ್ಲಿ ವಿಯೆಟ್ನಾಮಿನಿಂದ ಮದುವೆಯಾಗಿ ಬಂದ ತಾಯಿಯ ಮಗುವಿಗೆ ಸುಲಭವಾಗಿ ಜಾಗ ಸಿಗುವುದಿಲ್ಲ ಎಂಬುದನ್ನು ಮರೆಯಬಾರದು. ಧ್ವಜದ ಮುಂದೆ ಹೇಳುವ ಪ್ರತಿಜ್ಞೆಯಿಂದ ‘ಮಿನ್‌ಜೊಕ್’ ಎಂಬ ಪದವನ್ನು 2007ರಲ್ಲಷ್ಟೇ ತೆಗೆದು, ಸ್ವತಂತ್ರ, ನ್ಯಾಯಯುತ ಗಣರಾಜ್ಯದ ಮಾತನ್ನು ತಂದರು; ಪದ ಬದಲಾದಷ್ಟು ಬೇಗ ಮನಸ್ಸು ಬದಲಾಗಿಲ್ಲ. ಅತ್ತ ಒಂದೇ ರಕ್ತವೆಂದು ದಶಕಗಳ ಕಾಲ ಹೇಳುತ್ತ ಬಂದ ಉತ್ತರ ಕೊರಿಯಾ, 2023ರ ಕೊನೆಯಲ್ಲಿ ಕಿಮ್ ಜಾಂಗ್-ಉನ್ ಅವರ ಬಾಯಿಂದಲೇ, ಇನ್ನು ನಮ್ಮ ನಡುವಿನದು ಎರಡು ಶತ್ರುರಾಷ್ಟ್ರಗಳ ಸಂಬಂಧ ಎಂದು ಸಾರಿತು.