ಬೀದಿ ಮೂಲೆಗೆ ಕಸದ ತೊಟ್ಟಿ ವಾಪಸ್ ಬರ್ಬೇಕಾ?

ಮೂರನೇ_ಮಹಡಿ (ಬೆಂಗಳೂರು):
ನಮ್ ಏರಿಯಾಗೆ ಕಸದ ಆಟೋ ಒಂದಿನ ಆರೂವರೆಗೆ ಬಂದ್ರೆ ಇನ್ನೊಂದಿನ ಹತ್ತಕ್ಕೆ ಬರುತ್ತೆ, ಗಂಡ ಹೆಂಡ್ತಿ ಇಬ್ರೂ ಕೆಲ್ಸಕ್ಕೆ ಹೋಗೋರು, ಮೆಟ್ಲು ಇಳಿಯೋಷ್ಟ್ರಲ್ಲಿ ಗಾಡಿ ಮುಂದಿನ ಕ್ರಾಸ್‌ಗೆ ಹೋಗಿರುತ್ತೆ. ಹಸಿ ಕಸ ಬಾಲ್ಕನಿಲಿ ಗಬ್ಬು ನಾರ್ತಿದೆ. ಕೆಲವ್ರು ರಾತ್ರಿ ಸ್ಕೂಟರಲ್ಲಿ ತಂದು ಖಾಲಿ ಸೈಟ್‌ಗೆ ಎಸೆದು ಹೋಗ್ತಾರೆ. ಮೊದಲಿನ ಥರ ದೊಡ್ಡ ತೊಟ್ಟಿ ಇಟ್ಬಿಟ್ರೆ ಆಗಲ್ವಾ?

ಹಳೇ_ಬಡಾವಣೆ:
ಬೇಡ ಗುರು. ತೊಟ್ಟಿ ಇದ್ದ ಕಾಲ ನೋಡಿದೀವಿ, ಅರ್ಧ ಒಳಗೆ ಅರ್ಧ ಹೊರಗೆ, ಸುತ್ತ ನಾಯಿ ಹಸು. ಅದು ಬಿಡಿ, ತೊಟ್ಟಿಗೆ ಬಿದ್ದಿದ್ದೆಲ್ಲ ಮಿಕ್ಸು, ಅದನ್ನ ಗೊಬ್ಬರನೂ ಮಾಡಕ್ಕಾಗಲ್ಲ ಗುಜರಿಗೂ ಹಾಕಕ್ಕಾಗಲ್ಲ, ಯಾವ್ದೋ ಹಳ್ಳಿ ತಲೆ ಮೇಲೆ ಸುರಿಬೇಕಷ್ಟೆ. 2012ರಲ್ಲಿ ಮಾವಳ್ಳಿಪುರಕ್ಕೆ ಸುರಿಯೋದು ನಿಂತಾಗ ಊರೆಲ್ಲ ಕಸ, ಆಮೇಲೆ 2014ರಲ್ಲಿ ಮಂಡೂರಿನವ್ರು ನಿಮ್ ಕಸ ಸಾಕಪ್ಪಾ ಸಾಕು ಅಂತ ಬೀದಿಗಿಳಿದ್ರು. 2015ರ ಕೊನೇಲಿ ಹೈಕೋರ್ಟು ಎರಡು ಬಿನ್ನು ಒಂದು ಬ್ಯಾಗು ಅಂದಿದ್ದು ಸುಮ್ನೆ ಅಲ್ಲ: ಹಸಿರು ಬಿನ್ನಲ್ಲಿ ಹಸಿ ಕಸ, ಕೆಂಪಲ್ಲಿ ಡೈಪರ್ ಪ್ಯಾಡು, ಬ್ಯಾಗಲ್ಲಿ ಒಣ ಕಸ.

ಕುಡ್ಲದವ:
ಮಂಗಳೂರಲ್ಲಿ ಏನಾಯ್ತು ಅಂತ ಕೇಳಿ ಮಾರಾಯ್ರೆ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡೆಯೇ ಜಾರಿ ಮಂದಾರ ಅನ್ನೋ ಊರಿನ ಅಡಿಕೆ, ತೆಂಗಿನ ತೋಟದ ಮೇಲೆ ಬಂತು, ಪಾಪ ಅಲ್ಲಿಯವರು ಮನೆ ಬಿಟ್ಟು ಹೋಗ್ಬೇಕಾಯ್ತು. ನಮ್ಮಲ್ಲಿ ಒಣ ಕಸಕ್ಕೆ ಅಂತ ಶುಕ್ರವಾರ ಇಟ್ಟಿದ್ರು, ಅದು ನಂಗೆ ಒಳ್ಳೇದು ಅನಿಸ್ತದೆ, ಆ ದಿನ ಗಾಡಿಯಲ್ಲಿ ಹಸಿ ಕಸವೇ ಇಲ್ಲ ಅಂದ್ರೆ ಮಿಕ್ಸ್ ಆಗೋದಾದ್ರೂ ಹೇಗೆ?

ಗೊಬ್ಬರದ_ಗುಂಡಿ:
ಎಲ್ಲಾ ಸರಿ, ಆದ್ರೆ ಪ್ರಶ್ನೆ ಕೇಳಿದವ್ರ ಕಷ್ಟ ಟೈಮಿಂಗ್‌ದು, ಅದಕ್ಕೆ ಯಾರೂ ಉತ್ತರ ಹೇಳ್ಲಿಲ್ಲ. ಬಾಡಿಗೆ ಮನೆ, ಪಿಜಿ ಜಾಸ್ತಿ ಇರೋ ಕಡೆ ಸಂಜೆ ಏಳರ ಮೇಲೆ ಇನ್ನೊಂದು ರೌಂಡ್ ಬೇಕೇ ಬೇಕು, ಇಲ್ಲಾಂದ್ರೆ ಜನ ಕದ್ದು ಕಸ ಎಸೆಯೋ ಬ್ಲ್ಯಾಕ್‌ಸ್ಪಾಟ್‌ಗೆ ಎಷ್ಟು ರಂಗೋಲಿ ಹಾಕಿ ಎಷ್ಟು ದಂಡ ಬರೆದ್ರೂ ಅಷ್ಟೆ. ಅದಾಗಲ್ಲ ಅಂದ್ರೆ ವಾರ್ಡಿಗೆ ಒಂದೆರಡು ಕಡೆ ಬೆಳಗ್ಗೆ ಸಂಜೆ ಆಳು ನಿಂತು ಬೇರೆ ಬೇರೆ ಮಾಡಿಸ್ಕೊಂಡೇ ತಗೊಳ್ಳೋ ಕಟ್ಟೆ ಇರ್ಲಿ. ಆಳಿಲ್ಲದ ತೊಟ್ಟಿ ಮಾತ್ರ ಬೇಡ. ಇನ್ನೊಂದು, ನಾವು ಬೇರೆ ಮಾಡಿ ಕೊಟ್ಟಿದ್ದನ್ನ ಕಸ ಒತ್ತಿ ತುಂಬೋ ಕಾಂಪ್ಯಾಕ್ಟರ್ ಲಾರಿ ಹತ್ರ ಒಟ್ಟಿಗೆ ಸುರಿದ್ರೆ ಮಾರನೇ ದಿನ ಯಾರು ಬೇರೆ ಮಾಡ್ತಾರೆ ಹೇಳಿ? ಇದಕ್ಕೆ ಪೌರಕಾರ್ಮಿಕರನ್ನ ಬೈದು ಪ್ರಯೋಜನ ಇಲ್ಲ, ಆಟೋಲಿ ಪಾರ್ಟಿಷನ್ ಕೊಡದೆ ಟ್ರಿಪ್ ಮುಗ್ಸು ಅಂತ ಓಡ್ಸೋ ಕಂಟ್ರಾಕ್ಟರನ್ನ ಕೇಳ್ಬೇಕು.

ಮೂರನೇ_ಮಹಡಿ:
ಸಂಜೆ ರೌಂಡ್ ಆದ್ರೆ ನಮ್ ಬಿಲ್ಡಿಂಗ್‌ನೋರೆಲ್ಲ ಸಹಿ ಹಾಕ್ತಾರೆ. ಅರ್ಜಿ ಹೆಂಗೆ ಬರೀಬೇಕು, ಯಾರ ಹತ್ರಾದ್ರೂ ನಮೂನೆ ಇದ್ರೆ ಇಲ್ಲೇ ಹಾಕ್ತೀರಾ?