ನಿದ್ದೇಲಿ ಕಾಲು ಆಡಿಸ್ಕೊಂಡು ಬೊಗಳೋ ನಾಯಿ: ಕನಸಾ, ಫಿಟ್ಸಾ?

ರಾಗಿಮುದ್ದೆ:
ನಮ್ಮನೆ ಕರಿಯ, ನಾಟಿ ನಾಯಿ, ಮೂರು ವರ್ಷ. ರಾತ್ರಿ ಜಗಲಿ ಮೇಲೆ ಗೋಣಿಚೀಲದಲ್ಲಿ ಮಲಗ್ತಾನೆ, ಒಂದು ಇಪ್ಪತ್ತು ನಿಮಿಷ ಆಗೋಷ್ಟ್ರಲ್ಲಿ ಮುಂಗಾಲು ಪಟಪಟ ಅಂತ ಆಡತ್ತೆ, ಬಾಯಿ ಮುಚ್ಚಿದ್ರೂ ಒಳಗಿಂದ್ಲೇ ಸಣ್ಣಗೆ ಬೊಗಳ್ತಾನೆ, ಒಂದೊಂದ್ಸಲ ಬಾಲ ಬೇರೆ ನೆಲಕ್ಕೆ ಬಡೀತಾನೆ. ಅಮ್ಮ ಕನಸು ಬಿಡು ಅಂತಾರೆ, ಪಕ್ಕದ್ಮನೆಯವ್ರು ಫಿಟ್ಸು ಅಂತ ಹೆದ್ರಿಸಿಬಿಟ್ಟಿದಾರೆ. ನಾಯಿಗೆ ನಿಜವಾಗ್ಲೂ ಕನಸು ಬೀಳತ್ತಾ? ಎಬ್ಬಿಸ್ಲಾ ಬೇಡ್ವಾ?

ಕಾಫಿತೋಟ:
ಮುಟ್ಟಿ ಮಾತ್ರ ಎಬ್ಬಿಸ್ಬೇಡಿ ಗುರು. ನಮ್ದು ತೋಟದಲ್ಲಿ ಮಂಗ ಓಡಿಸಿದ ದಿನ ರಾತ್ರಿ ನಾಲ್ಕೂ ಕಾಲಲ್ಲಿ ಓಡತ್ತೆ, ಒಂದ್ಸಲ ಪಾಪ ಅಂತ ಬೆನ್ನು ಸವರೋಕೆ ಹೋದೆ, ಕೈಗೇ ಬಾಯಿ ಹಾಕ್ತು. ಆಮೇಲೆ ನಾನು ಅಂತ ಗೊತ್ತಾಗಿ ಕಿವಿ ಇಳಿಸ್ಕೊಂಡು ಮಂಚದ ಕೆಳಗೆ ಸೇರ್ಕೊಳ್ತು.

ಬಿಳಿಕೋಟು:
ನಾಯಿ ಬಾಯಿಬಿಟ್ಟು ಹೇಳಲ್ಲ, ಹಾಗಾಗಿ ಗ್ಯಾರಂಟಿ ಕೊಡೋಕಾಗಲ್ಲ, ಆದ್ರೆ ಸಾಕ್ಷಿ ಎಲ್ಲಾ ಕನಸಿನ ಕಡೆಗೇ ಇದೆ. ಕಣ್ಣುಗುಡ್ಡೆ ರೆಪ್ಪೆ ಒಳಗೇ ಓಡಾಡೋ, ಕನಸು ಹೆಚ್ಚಾಗಿ ಬೀಳೋ ನಿದ್ದೆಗೆ ರೆಮ್ ಅಂತಾರೆ, ಮನುಷ್ಯರಲ್ಲಿ ಅದನ್ನ 1953ರಲ್ಲಿ ಅಸೆರಿನ್‌ಸ್ಕಿ, ಕ್ಲೈಟ್‌ಮನ್ ಅನ್ನೋ ವಿಜ್ಞಾನಿಗಳು ಬರೆದು ಪ್ರಕಟಿಸಿದ್ರು, ನಾಯಿಗೂ ಅದೇ ನಿದ್ದೆ ಇದೆ. ಆ ಹೊತ್ತಲ್ಲಿ ಮಿದುಳುಕಾಂಡದ ಪಾನ್ಸ್ ಅನ್ನೋ ಭಾಗ ಮೈಗೆ ಬ್ರೇಕ್ ಹಾಕಿರತ್ತೆ, ಆ ಬ್ರೇಕ್ ಸ್ವಲ್ಪ ಜಾರಿದ್ರೆ ನಿಮ್ ಕರಿಯನ ಕಾಲು ಆಡಿದ ಹಾಗೆ ಆಡತ್ತೆ. ಫ್ರಾನ್ಸಿನ ಝೂವೆ ಅನ್ನೋ ವಿಜ್ಞಾನಿ ಬೆಕ್ಕುಗಳಲ್ಲಿ ಆ ಜಾಗನೇ ಕೆಡಿಸಿ ನೋಡಿದ್ರು, ಅವು ನಿದ್ದೇಲೇ ಎದ್ದು ಇಲ್ಲದಿರೋ ಬೇಟೆ ಮೇಲೆ ಎರಗಿದ್ವು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವ್ರು 2001ರಲ್ಲಿ ಇಲಿಗಳಲ್ಲಿ ನೋಡಿದ್ದು ಇನ್ನೂ ಚೆನ್ನಾಗಿದೆ, ಹಗಲು ಓಡಿದ ದಾರಿಯ ಮಿದುಳು ಚಟುವಟಿಕೆ ನಿದ್ದೇಲಿ ಮತ್ತೆ ಅದೇ ಕ್ರಮದಲ್ಲಿ ಬಂತು. ಕಾಫಿತೋಟದವ್ರ ಮಂಗದ ಕಥೆ ಸುಮ್ನೆ ಅಲ್ಲ.
ಫಿಟ್ಸ್ ಬೇರೆ ಥರ ಇರತ್ತೆ: ಮೈ ಕಟ್ಟಿಗೆ ಥರ ಸೆಟೆದುಕೊಳ್ಳತ್ತೆ, ಜೊಲ್ಲು ಸುರಿಯತ್ತೆ, ಎಷ್ಟೋ ಸಲ ಅಲ್ಲೇ ಉಚ್ಚೆ ಹೋಗತ್ತೆ, ಕರೆದ್ರೂ ಏಳಲ್ಲ, ಆಮೇಲೂ ಸ್ವಲ್ಪ ಹೊತ್ತು ಮಂಕಾಗಿ ತಡವರಿಸತ್ತೆ. ಅನುಮಾನ ಬಂದ್ರೆ ವಿಡಿಯೋ ಮಾಡಿ ಡಾಕ್ಟ್ರಿಗೆ ತೋರ್ಸಿ. ದೂರದಿಂದ ಹೆಸ್ರು ಕರೆದು ನೋಡಿ ಸಾಕು.

ಅಜ್ಜಿಮನೆ:
ಹಸುಗೂಸು ನಿದ್ದೇಲಿ ನಕ್ರೆ ನರಿ ಆಡಿಸ್ತಿದೆ ಅಂತಿದ್ರು ನಮ್ಮಜ್ಜಿ. ನಾಯಿನ ಯಾರು ಆಡಿಸ್ತಾರೋ! ಮರಿಗಳಂತೂ ದೊಡ್ಡವಕ್ಕಿಂತ ಜಾಸ್ತಿ ಕುಣಿಯತ್ವೆ ನಿದ್ದೇಲಿ.

ರಾಗಿಮುದ್ದೆ:
ಥ್ಯಾಂಕ್ಸ್ ಎಲ್ರಿಗೂ. ನಿನ್ನೆ ರಾತ್ರಿ ಬಾಗಿಲ ಹತ್ರ ನಿಂತ್ಕೊಂಡು 'ಕರಿಯಾ' ಅಂದೆ. ಕಾಲು ನಿಂತ್ಹೋಯ್ತು, ಒಂದು ಕಣ್ಣು ತೆಗೆದ, ನನ್ ಕೈಲಿ ತಿಂಡಿ ಇಲ್ಲ ಅಂತ ನೋಡ್ಕೊಂಡು ಮತ್ತೆ ಮುಚ್ಕೊಂಡ.