ಸಹಾಯ ಬೇಕು: ಪುಸ್ತಕ ಕಪಾಟಿನಲ್ಲಿದೆ, ಹುಡುಕಿದರೆ ಸೊನ್ನೆ

ಕಾಸರಗೋಡು ಕಡೆಯ ಕಾಲೇಜು ಲೈಬ್ರರಿಯೊಂದಕ್ಕೆ ಕೋಹಾ (ಲೈಬ್ರರಿ ನಿರ್ವಹಣೆಯ ತಂತ್ರಾಂಶ) ಬಲ್ಲವರ ನೆರವು ಬೇಕು. ಪುಸ್ತಕದ ಮಾರ್ಕ್ ದಾಖಲೆಯಲ್ಲಿ ಶೀರ್ಷಿಕೆಗೆಂದಿರುವ 245ನೇ ಕ್ಷೇತ್ರದಲ್ಲಿ ಕನ್ನಡ ಪುಸ್ತಕಗಳ ಹೆಸರು ಇಂಗ್ಲಿಷ್ ಲಿಪಿಯಲ್ಲಷ್ಟೇ ಇದೆ, ಅದನ್ನೇ ಬೇರೆ ಲಿಪಿಯಲ್ಲಿ ಬರೆಯುವ 880 ಖಾಲಿ. ‘ಯಕ್ಷಗಾನ’ದ ‘ಕ್ಷ’ಕ್ಕೆ ಒಂದು ದಾಖಲೆಯಲ್ಲಿ ‘ಕೆಎಸ್‌ಎಚ್’, ಇನ್ನೊಂದರಲ್ಲಿ ಬರೀ ‘ಕೆಎಸ್’. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಕನ್ನಡದಲ್ಲೇ ಟೈಪ್ ಮಾಡುತ್ತಾರೆ, ಏನೂ ಸಿಗದು. ಎರಡನೇ ಸಲ ಹುಡುಕುವವರು ಅಪರೂಪ, ನೇರ 894.814ರ (ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ) ಸಾಲಿಗೆ ಹೋಗಿ ಪುಸ್ತಕದ ಬೆನ್ನು ನೋಡುತ್ತಾರೆ. ಯಕ್ಷಗಾನ ಪ್ರಸಂಗದ ಪುಸ್ತಕ ಅಲ್ಲಿ ಸಿಕ್ಕೀತು, ಆದರೆ ರಂಗಕಲೆಯ ಪುಸ್ತಕ 792ರಲ್ಲಿ. ಅಲ್ಲಿಗೆ ಯಾರೂ ತಲುಪುವುದೇ ಇಲ್ಲ, ಅದೇ ಬೇಸರ.

880ರಲ್ಲಿ ಕನ್ನಡ, 246ರಲ್ಲಿ (ಶೀರ್ಷಿಕೆಯ ಬೇರೆ ರೂಪಗಳ ಕ್ಷೇತ್ರ) ಬೇರೆ ಸ್ಪೆಲ್ಲಿಂಗ್ ಹಾಕುವ ಯೋಚನೆಯಿದೆ. ಕೋಹಾದ ಹುಡುಕಾಟ ನಡೆಸುವ ಝೀಬ್ರಾವನ್ನು ಐಸಿಯು (ಯೂನಿಕೋಡ್ ಲಿಪಿಗಳನ್ನು ನಿಭಾಯಿಸುವ) ಇಂಡೆಕ್ಸಿಂಗ್‌ಗೆ ಬದಲಿಸಿ ಪೂರ್ತಿ ರೀಇಂಡೆಕ್ಸ್ ಮಾಡಿದವರು ಇದ್ದೀರಾ? ಹಳೆಯ ನುಡಿ ಫಾಂಟಿನ ಪಟ್ಟಿಯನ್ನು ಯೂನಿಕೋಡ್‌ಗೆ ತಂದಾಗ ಒತ್ತಕ್ಷರ ಕೆಟ್ಟರೆ ಹೇಗೆ ಸರಿಪಡಿಸಿದಿರಿ? ದಯವಿಟ್ಟು ಹಂತ ಹಂತವಾಗಿ ತಿಳಿಸಿ.